ಅಮೆರಿಕ ಹತ್ತಿರ, ಮಂಡಗದ್ದೆ ದೂರ

ನಮ್ಮ ಮಲೆನಾಡಿನಲ್ಲಿ ದೂರ ಎಷ್ಟು ಅಂತ ಕೇಳಿದರೆ ಕಿಲೋಮೀಟರ್ ಹೇಳುವವರು ಕಡಿಮೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ‘ಒಂದೂವರೆ ಗಂಟೆ’, ಮಳೆಗಾಲದಲ್ಲಿ ಮರ ಬಿದ್ದಿದ್ದರೆ ‘ನೋಡ್ಬೇಕು’. ಅಷ್ಟೇ. ಅದು ಸುಮಾರು 60 ಕಿಲೋಮೀಟರ್ ಅನ್ನುವುದು ಮೈಲಿಗಲ್ಲಿಗೆ ಬಿಟ್ಟ ವಿಷಯ.

ವಿಮಾನ ಹತ್ತುವವರ ಮಾತೂ ಹೀಗೇ ಅಲ್ವಾ? ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮನೆಯಲ್ಲಿ ಕೇಳಿ, ಬೆಂಗಳೂರಿಂದ ನೇರ ವಿಮಾನವಾದರೆ ಹದಿನಾರು ಹದಿನೇಳು ಗಂಟೆ ಅಂತ ಥಟ್ಟನೆ ಹೇಳ್ತಾರೆ. ಸುಮಾರು 14,000 ಕಿಲೋಮೀಟರ್ ಅಂತ ಯಾರ ಬಾಯಲ್ಲೂ ಬರಲ್ಲ.

ದಾರಿ ಯಾವುದು ಅಂದರೆ ಗೋಡೆಯ ಭೂಪಟ ನೋಡಿ ಜಪಾನಿನ ಮೇಲೆ ಅಡ್ಡಗೆರೆ ಎಳೆಯುವವರೇ ಜಾಸ್ತಿ. ಹಿತ್ತಲಿನ ಒಂದು ಚಕ್ಕೋತ ಹಣ್ಣು ತಗೊಳ್ಳಿ. ತೊಟ್ಟು ಉತ್ತರ ಧ್ರುವ. ತೊಟ್ಟಿನ ಕಡೆಯ ಅರ್ಧದಲ್ಲಿ ಎದುರುಬದುರಾಗಿ ಎರಡು ಚುಕ್ಕೆ ಇಟ್ಟು, ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ಹೊಟ್ಟೆ ಸುತ್ತಿಕೊಂಡು ಹೋಗಲ್ಲ, ತೊಟ್ಟಿನ ಕಡೆಗೆ ಹತ್ತುತ್ತದೆ. ಬೆಂಗಳೂರಿನ ದಾರವೂ ಸೈಬೀರಿಯಾದ ತುದಿಯವರೆಗೆ ಏರಿ ಆಮೇಲೆ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೇ ಹಾರಿಸಿಕೊಂಡು ಬಂದರು. ಅಲ್ಲಿ 9ನೇ ತಾರೀಕು ರಾತ್ರಿ ಬಿಟ್ಟವರು ಇಲ್ಲಿ ಇಳಿದಾಗ 11ನೇ ತಾರೀಕು. ಎರಡೂ ಊರಿನ ಗಡಿಯಾರದ ವ್ಯತ್ಯಾಸವೂ ಸೇರಿ 10ನೇ ತಾರೀಕು ಆಕಾಶದಲ್ಲೇ ಖರ್ಚು!

ಇನ್ನು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಬಿರುಗಾಳಿಯ ಹೊಳೆಯೇ ಹರಿಯುತ್ತಿರುತ್ತದೆ. ಹಾಗಾಗಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಏಳು ಗಂಟೆಯೊಳಗೆ ಮುಟ್ಟಿದವರಿಗೆ ವಾಪಸ್ ಹೋಗಲು ಒಂದು ಗಂಟೆ ಹೆಚ್ಚೇ ಬೇಕು. 2020ರ ಫೆಬ್ರವರಿಯಲ್ಲಿ ಅಲ್ಲೊಂದು ಚಂಡಮಾರುತ ಎದ್ದಿತ್ತು. ಅದೇ ಗಾಳಿ ಬೆನ್ನಿಗೆ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು 4 ಗಂಟೆ 56 ನಿಮಿಷಕ್ಕೇ ಲಂಡನ್ ತಲುಪಿಬಿಟ್ಟಿತು. ಆಗುಂಬೆ ಘಾಟಿಯಲ್ಲೂ ಇಳಿಯುವಾಗ ಒಂದು ಲೆಕ್ಕ, ಹತ್ತುವಾಗ ಒಂದು ಲೆಕ್ಕ, ಆದರೆ ಅಲ್ಲಿ ಗಾಳಿಗಿಂತ ಎದುರು ಬರುವ ಬಸ್ಸೇ ಮುಖ್ಯ.

ಟಿಕೆಟ್ಟಿನಲ್ಲಿರುವ ಸಮಯ ಗೇಟು ಬಿಟ್ಟಲ್ಲಿಂದ ಗೇಟು ಮುಟ್ಟುವವರೆಗೆ ಮಾತ್ರ. ಮನೆಯಿಂದ ಮನೆಗಲ್ಲ. ಬೆಂಗಳೂರಲ್ಲಿ ಇಳಿದು, ಸೂಟ್‌ಕೇಸ್ ಕಾದು, ಊರಿನ ಗಾಡಿ ಹಿಡಿಯುವುದಿದೆಯಲ್ಲ, ನನ್ನ ಪ್ರಕಾರ ನಿಜವಾದ ಪ್ರಯಾಣ ಶುರುವಾಗುವುದೇ ಅಲ್ಲಿ. 2023ರಿಂದ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ನಮ್ಮದೇ ವಿಮಾನ ನಿಲ್ದಾಣ ಇದೆ, ಕುವೆಂಪು ಹೆಸರಿನದು, ಸಂತೋಷ. ಆದರೆ ಅದರಾಚೆ ಮತ್ತೆ ಅದೇ ರಸ್ತೆ, ಅದೇ ತಿರುವು.

ಅಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತು. ಮಗ ಧ್ರುವ ದಾಟಿದ, ಬೆಂಗಳೂರಲ್ಲಿ ಇಳಿದ ಅಂದರೂ ಅಲುಗಾಡಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಮೊದಲು ಸಿಗುವುದು ಸಕ್ರೆಬೈಲು, ಆಮೇಲೆ ಮಂಡಗದ್ದೆ. ಫೋನಿನಲ್ಲಿ ‘ಸಕ್ರೆಬೈಲು’ ಅಂದರೆ ಇನ್ನೂ ಟೈಮಿದೆ. ‘ಮಂಡಗದ್ದೆ ದಾಟಿದ್ವಿ’ ಅಂದಮೇಲೇ ಬಚ್ಚಲ ಒಲೆಗೆ ಬೆಂಕಿ ಹಾಕುವುದು.