ಬಹುಮಾನದ ಮೊತ್ತ ನೋಡಬ್ಯಾಡ್ರಿ, ಹಂಚಿಕಿ ನೋಡ್ರಿ

ವಿಡಿಯೊ ಗೇಮ್ ಟೂರ್ನಮೆಂಟಿನ ಮಾತು ಬಂದರೆ ವಿಜಯಪುರ, ಜಮಖಂಡಿ, ಗೋಕಾಕ ಕಡೆಯ ಹುಡುಗರು ಮೊದಲು ಕೇಳುವುದು ‘ಪ್ರೈಜ್ ಎಷ್ಟೈತಿ?’ ಅಂತ. ನಾನಿರುವ ಸಿಯೋಲ್‌ನ ಹುಡುಗರು ಕೇಳುವುದೇ ಬೇರೆ: ಯಾವ ತಂಡ ಕರೆದಿದೆ, ಮುಖ್ಯ ತಂಡಕ್ಕೋ ಅಕಾಡೆಮಿಗೋ, ಕರಾರು ಎಷ್ಟು ವರ್ಷದ್ದು. ಆಟದ ಹುಚ್ಚು ಎರಡೂ ಕಡೆ ಅಷ್ಟೇ ಇದೆ. ನಮ್ಮ ಹುಡುಗ ಬಹುಮಾನ ನಂಬಿಕೊಂಡು ಇಳಿಯುತ್ತಾನೆ, ಇಲ್ಲಿಯವನು ಸಂಬಳ ನಂಬಿಕೊಂಡು. ಬಹುಮಾನ ನಂಬಿದವನಿಗೆ ಕಾಲ ಕೆಳಗಿನ ನೆಲವೇ ಗಟ್ಟಿಯಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಜಗತ್ತಿನ ಅತಿ ದೊಡ್ಡ ಬಹುಮಾನದ ಕತೆಯನ್ನೇ ನೋಡಿ. ಡೋಟಾ 2 ಆಟದ ‘ದಿ ಇಂಟರ್‌ನ್ಯಾಷನಲ್’ ಟೂರ್ನಿ 2011ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಶುರುವಾದಾಗ ಒಟ್ಟು ಬಹುಮಾನ 16 ಲಕ್ಷ ಡಾಲರ್. ಅದರಲ್ಲಿ 10 ಲಕ್ಷ ಗೆದ್ದ ತಂಡಕ್ಕೆ ಹೋಯಿತು. 2013ರಲ್ಲಿ ಆಟದ ಕಂಪನಿ ವಾಲ್ವ್ ಹೊಸ ದಾರಿ ಹಿಡಿಯಿತು. ಅಭಿಮಾನಿಗಳು 9.99 ಡಾಲರಿಗೆ ‘ಕಂಪೆಂಡಿಯಂ’ ಎಂಬ ಡಿಜಿಟಲ್ ಪುಸ್ತಕ ಕೊಂಡರೆ ಅದರಲ್ಲಿ 2.50 ಡಾಲರ್ ಬಹುಮಾನದ ಗಂಟಿಗೆ ಸೇರುತ್ತಿತ್ತು, ಅಂದರೆ ಕಾಲು ಭಾಗ. ಮರುವರ್ಷವೇ ಗಂಟು 1 ಕೋಟಿ ಡಾಲರ್ ದಾಟಿತು. 2021ರಲ್ಲಿ ಬುಕಾರೆಸ್ಟ್‌ನಲ್ಲಿ ನಡೆದ ಹತ್ತನೇ ಟೂರ್ನಿಯಲ್ಲಿ ಅದು 4 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 300 ಕೋಟಿ ರೂಪಾಯಿ. ಒಂದೇ ಆಟದ ಒಂದೇ ಟೂರ್ನಿಗೆ ಅಷ್ಟು ಹಣ ಅದಕ್ಕೂ ಮೊದಲು ಕೂಡಿರಲಿಲ್ಲ, ಆಮೇಲೂ ಕೂಡಿಲ್ಲ.

ಈಗ ಹಂಚಿಕೆ ನೋಡಿ. ಗೆದ್ದ ಟೀಮ್ ಸ್ಪಿರಿಟ್‌ಗೆ ಶೇ. 45.5, ಅಂದರೆ 1 ಕೋಟಿ 82 ಲಕ್ಷ ಡಾಲರ್. ಎರಡನೆಯವರಿಗೆ ಶೇ. 13. ಹದಿನೆಂಟು ತಂಡಗಳಲ್ಲಿ ಕೊನೆಯ ಎರಡಕ್ಕೆ ತಲಾ ಶೇ. 0.25. ಜಗತ್ತಿನ ಮೊದಲ ಹದಿನೆಂಟರೊಳಗೆ ಬಂದ ತಂಡಕ್ಕೆ ಚಾಂಪಿಯನ್ನರ ನೂರಾ ಎಂಬತ್ತರಲ್ಲಿ ಒಂದು ಪಾಲು. ಆ ಹದಿನೆಂಟರೊಳಗೆ ಬರಲಾಗದ ನೂರಾರು ತಂಡಗಳಿಗೆ ಈ ಗಂಟಿನಿಂದ ಬಿಡಿಗಾಸೂ ಇಲ್ಲ.

ಆ ಗಂಟಾದರೂ ನಿಂತಿತೇ? 2023ರಲ್ಲಿ ಕಂಪನಿ ಕಂಪೆಂಡಿಯಂ ಬೆಳೆದು ಆಗಿದ್ದ ತನ್ನ ದೊಡ್ಡ ‘ಬ್ಯಾಟಲ್ ಪಾಸ್’ ನಿಲ್ಲಿಸಿ, ಅದರ ಜಾಗದಲ್ಲಿ ಆಕರ್ಷಣೆ ಕಡಿಮೆಯಿದ್ದ ಸಣ್ಣ ಕಂಪೆಂಡಿಯಂ ಬಿಟ್ಟಿತು. ಒಟ್ಟು ಬಹುಮಾನ 31 ಲಕ್ಷ ಡಾಲರಿನ ಆಸುಪಾಸಿಗೆ ಕುಸಿಯಿತು. ಆಟ ಅದೇ, ಪ್ರೇಕ್ಷಕರೂ ಅವರೇ, ಆ ವರ್ಷ ಗೆದ್ದದ್ದೂ ಅದೇ ಟೀಮ್ ಸ್ಪಿರಿಟ್. ಬದಲಾದದ್ದು ಕಂಪನಿಯ ಮಾರಾಟದ ಲೆಕ್ಕಾಚಾರ ಮಾತ್ರ. ಫೋರ್ಟ್‌ನೈಟ್ ಎಂಬ ಇನ್ನೊಂದು ಆಟದ ಕಂಪನಿ 2019ರಲ್ಲಿ ನ್ಯೂಯಾರ್ಕ್‌ನಲ್ಲಿ 3 ಕೋಟಿ ಡಾಲರಿನ ವಿಶ್ವಕಪ್ ಫೈನಲ್ ನಡೆಸಿ, ಬೂಗಾ ಎಂಬ 16ರ ಹುಡುಗನಿಗೆ 30 ಲಕ್ಷ ಕೊಟ್ಟಿತು. ಅಂಥ ಫೈನಲ್ ಮರುವರ್ಷ ನಡೆಯಲಿಲ್ಲ. ಈಗ ಇ-ಸ್ಪೋರ್ಟ್ಸ್ (ವಿಡಿಯೊ ಗೇಮ್ ಸ್ಪರ್ಧೆ) ವರ್ಲ್ಡ್ ಕಪ್ ಸರದಿ: 2025ರಲ್ಲಿ ರಿಯಾದ್‌ನಲ್ಲಿ ಎಲ್ಲ ಆಟ ಸೇರಿ 7 ಕೋಟಿ ಡಾಲರಿಗೂ ಹೆಚ್ಚು, ಅದರಲ್ಲಿ 2.7 ಕೋಟಿ ಕ್ಲಬ್ಬುಗಳಿಗೇ ಮೀಸಲು. ಹಿಂದಿರುವುದು ಸೌದಿಯ ಸರ್ಕಾರಿ ಹಣ. ಕೊಡುವವರ ಮನಸ್ಸು ಇರುವಷ್ಟು ದಿನ ಅದು ಇರುತ್ತದೆ.

ದಕ್ಷಿಣ ಕೊರಿಯಾದಲ್ಲಿ ಎಲ್ಲರ ಕಣ್ಣಿರುವುದು ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ ಮೇಲೆ. ಅದರ 2023ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಸಿಯೋಲ್‌ನ ಗೋಚೊಕ್ ಸ್ಕೈ ಡೋಮ್‌ನಲ್ಲೇ ನಡೆಯಿತು. ಒಟ್ಟು ಬಹುಮಾನ 22.25 ಲಕ್ಷ ಡಾಲರ್, ಗೆದ್ದ ಟಿ1 ತಂಡಕ್ಕೆ 4.45 ಲಕ್ಷ. ಡೋಟಾದ ಎದುರು ಇದು ಏನೂ ಅಲ್ಲ. ಆದರೂ ಇಲ್ಲಿಯ ಹುಡುಗ ಇದನ್ನೇ ಆರಿಸಿಕೊಳ್ಳುತ್ತಾನೆ, ಯಾಕೆಂದರೆ ಇದರಲ್ಲಿ ಮೆಟ್ಟಿಲುಗಳಿವೆ. ದೇಶದ ಮುಖ್ಯ ಲೀಗಾದ ಎಲ್‌ಸಿಕೆಯಲ್ಲಿ ಹತ್ತು ತಂಡ. 2021ರಲ್ಲಿ ಲೀಗ್ ಫ್ರಾಂಚೈಸಿ ಪದ್ಧತಿಗೆ ಬಂದಾಗ ಆಟಗಾರನ ಕನಿಷ್ಠ ವರ್ಷದ ಸಂಬಳವನ್ನು 6 ಕೋಟಿ ವಾನ್‌ಗೆ ಏರಿಸಿದರು. ನಮ್ಮ ರೂಪಾಯಿಯಲ್ಲಿ 35ರಿಂದ 40 ಲಕ್ಷ. ಸೋತರೂ ಅದು ಬರುತ್ತದೆ. ಕೆಳಗೆ ಪ್ರತಿ ಕ್ಲಬ್ಬಿನ ಎರಡನೇ ತಂಡ ಆಡುವ ಚಾಲೆಂಜರ್ಸ್ ಲೀಗ್, ಅದರ ಕೆಳಗೆ ಅಕಾಡೆಮಿ, ಎಲ್ಲಕ್ಕಿಂತ ಕೆಳಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ‘ಪಿಸಿ ಬಾಂಗ್’ ಎಂಬ ಕಂಪ್ಯೂಟರ್ ಗೇಮ್ ಅಂಗಡಿಗಳು.

ಇದು ತಾನಾಗಿ ಆದದ್ದಲ್ಲ. ಇ-ಸ್ಪೋರ್ಟ್ಸ್ ಸಂಘ 2000ದಲ್ಲಿ, ಅದಕ್ಕೆಂದೇ ಕಾನೂನು 2012ರಲ್ಲಿ ಬಂತು. 2019ರಲ್ಲಿ ಇನ್ನೂ ವಯಸ್ಸಿಗೆ ಬಾರದ ಆಟಗಾರನೊಬ್ಬನ ಅನ್ಯಾಯದ ಕರಾರು ಬಯಲಿಗೆ ಬಂದು ದೇಶವೇ ಗದ್ದಲ ಎಬ್ಬಿಸಿದ ಮೇಲೆ ಸರ್ಕಾರ ಮಾದರಿ ಕರಾರು ಪತ್ರ ತಂದಿತು. 16 ತುಂಬದವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಗೇಮ್ ಆಡಬಾರದೆಂಬ ಕಾನೂನನ್ನು 2011ರಲ್ಲಿ ತಂದು ಹತ್ತು ವರ್ಷ ನಡೆಸಿ ಕೈಬಿಟ್ಟರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಚಿನ್ನ ಗೆದ್ದವರಿಗೆ ಕಡ್ಡಾಯ ಸೈನ್ಯಸೇವೆಯಿಂದ ವಿನಾಯಿತಿ ಸಿಕ್ಕಿತು.

ಹಾಗಂತ ಕೊರಿಯಾದ ದಾರಿ ಹೂವಿನ ಹಾಸಿಗೆಯೇನಲ್ಲ. ಹತ್ತು ತಂಡಕ್ಕೆ ಐದರಂತೆ ಮೇಲಿನ ಮೆಟ್ಟಿಲಲ್ಲಿ ಇರುವುದು ಐವತ್ತೇ ಜಾಗ. ಅದಕ್ಕಾಗಿ ಹೈಸ್ಕೂಲು ಬಿಟ್ಟವರಿದ್ದಾರೆ, ಮಣಿಕಟ್ಟು ಕೆಡಿಸಿಕೊಂಡವರಿದ್ದಾರೆ. ಓದು ಬಿಡಿಸುವ ಭಾಗ ನಮಗೆ ಬೇಡವೇ ಬೇಡ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳಿಗೆ ಹಂಚಿಕೆಯ ಜಾಣತನ ಹೊರಗಿನಿಂದ ತರಬೇಕಾಗಿಯೂ ಇಲ್ಲ. ಜಾತ್ರೆಯ ಜಂಗೀ ನಿಕಾಲಿ ಕುಸ್ತಿ ನೋಡಿ. ಪಂಚರು ಊರಲ್ಲಿ ಪಟ್ಟಿ (ಚಂದಾ) ಎತ್ತುತ್ತಾರೆ. ಅಂಗಡಿಯವರು, ರೈತರು, ಊರು ಬಿಟ್ಟು ಹೋದವರು ಕೊಡುತ್ತಾರೆ. ಪೈಲ್ವಾನನಿಂದ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನ ಹಲಗಿ ಬಾರಿಸಿದೊಡನೆ ಸಣ್ಣ ಹುಡುಗರ ಜೋಡಿ ಇಳಿಯುತ್ತದೆ, ತೆಂಗಿನಕಾಯಿಯೋ ಹತ್ತಿಪ್ಪತ್ತು ರೂಪಾಯಿಯೋ ಅವರಿಗೆ. ಹೊತ್ತು ಇಳಿದಂತೆ ಇನಾಮು ಏರುತ್ತದೆ. ನಂಬರ್ ಒಂದರ ಜೋಡಿಯ ಮೊತ್ತವನ್ನು ಪಂಚರು ಇಬ್ಬರ ಜೊತೆಗೂ ಮೊದಲೇ ಮಾತಾಡಿರುತ್ತಾರೆ, ಕುಸ್ತಿ ಬರಾಬರಿಯಾದರೆ ಹಂಚಿ ಕೊಡುತ್ತಾರೆ. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ಕೂತವರಿಗೆ ಈ ಏರಿಕೆ ಚೆನ್ನಾಗಿ ಗೊತ್ತು. ಇನಾಮು ಒಬ್ಬನ ತಲೆಗೇ ಕಟ್ಟಿಬಿಟ್ಟರೆ ಮರುವರ್ಷ ಉಳಿದ ಜೋಡಿಗಳು ಬರುವುದಿಲ್ಲ, ಅದಕ್ಕೇ ಹೀಗೆ ಹಂಚುತ್ತಾರೆ.

ಮೊಬೈಲ್ ಗೇಮ್ ಟೂರ್ನಮೆಂಟ್ ನಡೆಸುವ ನಮ್ಮ ಕಡೆಯ ಹುಡುಗರು ಮಾಡುವುದು ಇದರ ತದ್ವಿರುದ್ಧ. ಸ್ಕ್ವಾಡಿಗೆ ಇನ್ನೂರು ಮುನ್ನೂರು ಎಂಟ್ರಿ ಫೀ ಎತ್ತಿ, ಅದನ್ನೇ ಒಟ್ಟುಗೂಡಿಸಿ ಗೆದ್ದವರಿಗೆ ಕೊಡುವುದು. ಇದರಲ್ಲಿ ಈಗ ಕಾನೂನಿನ ಅಪಾಯವೂ ಇದೆ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದು ಒಪ್ಪುತ್ತದೆ, ಪ್ರವೇಶ ಶುಲ್ಕಕ್ಕೂ ಆಟದ ಸಾಧನೆಗೆ ಕೊಡುವ ಬಹುಮಾನಕ್ಕೂ ಜಾಗ ಬಿಟ್ಟಿದೆ. ಆದರೆ ಆ ಶುಲ್ಕ ಸ್ಪರ್ಧೆಗೆ ಪ್ರವೇಶ ಪಡೆಯಲು ಅಥವಾ ನಡೆಸುವ ಖರ್ಚಿಗೆ ಮಾತ್ರ. ಪಣ, ಬಾಜಿ ಯಾರೂ ಕಟ್ಟುವಂತಿಲ್ಲ. ಹಣ ಹಾಕಿ ಹಣ ಗೆಲ್ಲುವ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆದ್ದರಿಂದ ಜಾತ್ರೆಯ ಪದ್ಧತಿಯೇ ಸರಿ: ಬಹುಮಾನಕ್ಕೆ ಪಟ್ಟಿ, ಹಾಲ್ ಬಾಡಿಗೆಗೆ ಬೇಕಿದ್ದರೆ ಸಣ್ಣ ಶುಲ್ಕ, ಎರಡರ ಲೆಕ್ಕವೂ ಬೇರೆ ಬೇರೆ ವಹಿಯಲ್ಲಿ. ಇನ್ನೊಂದು ಮಾತು: ಕುಸ್ತಿಗೆ ಮಾಲೀಕನಿಲ್ಲ, ಗೇಮಿಗೆ ಇದ್ದಾನೆ. ಕಂಪನಿಯ ಟೂರ್ನಮೆಂಟ್ ನಿಯಮ ಓದಿ, ಅನುಮತಿ ಬೇಕಿದ್ದರೆ ಮೊದಲೇ ಕೇಳಿ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಕೊನೆಗೆ ಉಳಿದ ತಂಡ ಗೆಲ್ಲುವ ಶೂಟಿಂಗ್ ಆಟ) 2022ರ ಜುಲೈ ಕೊನೆಯಲ್ಲಿ ಆ್ಯಪ್ ಸ್ಟೋರುಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಆ ಹತ್ತು ತಿಂಗಳು ಅದನ್ನೇ ನಂಬಿದ್ದವರಿಗೆ ಆಡಲು ದೊಡ್ಡ ಅಧಿಕೃತ ಟೂರ್ನಿಯೇ ಇರಲಿಲ್ಲ.

ನಡೆಸುವ ರೀತಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹಳ್ಳ ಹಿಡಿಯುವುದು ಇಲ್ಲೇ. ಬಿಜಿಎಂಐ ಪಂದ್ಯಕ್ಕೆ ನಾಲ್ಕು ಮಂದಿಯ ಹದಿನಾರು ತಂಡ, ಅಂದರೆ 64 ಫೋನು. ಒಂದೇ ವೈಫೈ ರೂಟರಿಗೆ 64 ಫೋನು ಸೇರಿಸಿದರೆ ಲೈನ್ 300 ಎಂಬಿಪಿಎಸ್ ಇದ್ದರೂ ಲ್ಯಾಗ್ ತಪ್ಪದು. ಆಟಕ್ಕೆ ಡೇಟಾ ಬೇಕಾಗುವುದು ತೀರ ಕಡಿಮೆ. ಆದರೆ ವೈಫೈನಲ್ಲಿ ಒಂದು ಚಾನೆಲ್ಲಿನ ಮೇಲೆ ಒಮ್ಮೆಗೆ ಒಂದೇ ಸಾಧನ ಮಾತಾಡಬೇಕು, ಉಳಿದವು ಕಾಯಬೇಕು. ಆ ಕಾಯುವಿಕೆಯೇ ಪಿಂಗ್ (ಸಂದೇಶ ಹೋಗಿ ಬರುವ ಹೊತ್ತು) ಕುಣಿಸುವುದು. ಆದ್ದರಿಂದ ನಾಲ್ಕು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಹಾಕಿ, ಒಂದೊಂದಕ್ಕೆ ಹದಿನಾರು ಫೋನು. ಎಲ್ಲವೂ 5 ಗಿಗಾಹರ್ಟ್ಸ್, ಚಾನೆಲ್ 36, 44, 149, 157, ಅಗಲ 20 ಮೆಗಾಹರ್ಟ್ಸ್. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು 1, 6, 11 ಮೂರೇ, ಅವನ್ನು ಹಾಲ್ ಸುತ್ತಲಿನ ಮನೆಗಳು ಆಗಲೇ ತುಂಬಿರುತ್ತವೆ. ಫೋನುಗಳ ಆಟೋ ಅಪ್‌ಡೇಟ್ ಬಂದ್ ಮಾಡಿಸಿ. ಯೂಟ್ಯೂಬ್ ಲೈವ್‌ಗೆ ಬೇರೆಯದೇ ಲೈನ್ ಇರಲಿ. ಅದೇ ಲೈನಿನಲ್ಲಿ ವಿಡಿಯೊ ಮೇಲೇರಿಸಿದರೆ ಆಟದ ಸಣ್ಣ ಸಂದೇಶಗಳು ಅದರ ಹಿಂದೆ ಸಾಲುಗಟ್ಟುತ್ತವೆ. ಲೈವ್ ಅನ್ನು ಕೆಲವು ನಿಮಿಷ ತಡಮಾಡಿ ಬಿಡಿ, ಇಲ್ಲದಿದ್ದರೆ ಎದುರಾಳಿ ಎಲ್ಲಿ ಅಡಗಿದ್ದಾನೆಂದು ಅದರಲ್ಲೇ ನೋಡುತ್ತಾರೆ. ಕರೆಂಟು ಹೋದಾಗ ರೂಟರಿಗೆ ಮಾತ್ರ ಯುಪಿಎಸ್ ಇದ್ದರೆ ಸಾಲದು. ಗೋಡೆಯ ಮೇಲಿನ ಫೈಬರ್ ಡಬ್ಬಿಗೂ, ಸ್ವಿಚ್ಚಿಗೂ ಬೇಕು.

ಬಿಸಿಲು ಇನ್ನೊಂದು ಶತ್ರು. ಏಪ್ರಿಲ್-ಮೇನಲ್ಲಿ ವಿಜಯಪುರ, ಬಾಗಲಕೋಟೆಯ ತಗಡಿನ ಹಾಲಿನಲ್ಲಿ 40 ಡಿಗ್ರಿಯೊಳಗೆ ಚಾರ್ಜಿಗೆ ಹಾಕಿಕೊಂಡು ಆಡಿದರೆ ಫೋನು ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರ್ ನಿಧಾನಿಸುತ್ತದೆ. ಸೆಕೆಂಡಿಗೆ 60 ಇದ್ದ ಫ್ರೇಮ್ 40ಕ್ಕೆ ಬರುತ್ತದೆ, ಫೋನು ವಾಲಿಸಿ ಗುರಿ ಹಿಡಿಯುವ ಜೈರೋ ತಡವರಿಸುತ್ತದೆ, ಹುಡುಗ ನೆಟ್ ಬೈಯುತ್ತಾನೆ. ಕವರ್ ತೆಗೆಸಿ, ಪಂದ್ಯಗಳ ನಡುವೆ ಹದಿನೈದು ನಿಮಿಷ ಬಿಟ್ಟು ಫ್ಯಾನಿನ ಕೆಳಗೆ ಚಾರ್ಜ್ ಮಾಡಿಸಿ. ಸಾಧ್ಯವಿದ್ದರೆ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ.

ಅಂಕಗಳಿಗೆ ಅಧಿಕೃತ ಟೂರ್ನಿಗಳ ಪಟ್ಟಿಯನ್ನೇ ಬಳಸಿ: ಮೊದಲ ಸ್ಥಾನಕ್ಕೆ 10, ಆಮೇಲೆ ಕ್ರಮವಾಗಿ 6, 5, 4, 3, 2, 1, 1, ಉಳಿದವರಿಗೆ ಸೊನ್ನೆ, ಪ್ರತಿ ಫಿನಿಶ್‌ಗೆ (ಎದುರಾಳಿಯೊಬ್ಬನನ್ನು ಹೊಡೆದಿದ್ದಕ್ಕೆ) 1. ಮೊದಲು ಬಂದು ನಾಲ್ವರನ್ನು ಹೊಡೆದ ತಂಡಕ್ಕೆ 14, ಮೂರನೆಯದಾಗಿ ಬಂದು ಹನ್ನೆರಡು ಮಂದಿಯನ್ನು ಹೊಡೆದವರಿಗೆ 17. ಅಡಗಿ ಕೂತು ಕೊನೆಗೆ ಬದುಕಿದವರೇ ಯಾವಾಗಲೂ ಮೇಲೆ ಬರುವುದಿಲ್ಲ. ಒಂದೇ ಪಂದ್ಯದಲ್ಲಿ ಅದೃಷ್ಟದ ಪಾಲು ಹೆಚ್ಚು, ಕನಿಷ್ಠ ಆರು ಆಡಿಸಿ. ನೆಟ್ ಕಡಿದರೆ ಮರುಪಂದ್ಯ ಯಾವಾಗ ಎಂಬುದನ್ನು ಮೊದಲೇ ಬರೆದು ಗೋಡೆಗೆ ಹಚ್ಚಿ. ಉದಾಹರಣೆಗೆ, ಮೊದಲ ಐದು ನಿಮಿಷದೊಳಗೆ ಎಂಟಕ್ಕಿಂತ ಹೆಚ್ಚು ಮಂದಿ ಒಟ್ಟಿಗೆ ಹೊರಬಿದ್ದರೆ ಮಾತ್ರ. ಬರೆಯದೇ ಬಿಟ್ಟರೆ ಜಗಳ ಖಾತ್ರಿ.

ಪಟ್ಟಿಯಿಂದ 50,000 ರೂಪಾಯಿ ಕೂಡಿತು ಅನ್ನೋಣ. ನಾನಾದರೆ ಹೀಗೆ ಹಂಚುತ್ತೇನೆ: ಮೊದಲಿನವರಿಗೆ 12,000, ಎರಡನೆಯವರಿಗೆ 8,000, ಮೂರಕ್ಕೆ 6,000, ನಾಲ್ಕಕ್ಕೆ 4,000. ಐದರಿಂದ ಎಂಟರವರೆಗೆ ತಲಾ 2,000. ಉಳಿದ ಎಂಟು ತಂಡಕ್ಕೆ ತಲಾ 1,000, ಸಿಂದಗಿಯಿಂದಲೋ ಇಂಡಿಯಿಂದಲೋ ಬಂದ ನಾಲ್ವರ ಬಸ್ ಚಾರ್ಜು ಮತ್ತು ಊಟ ಅದರಲ್ಲಿ ಆಗುತ್ತದೆ. ಮಿಕ್ಕ 4,000ದಲ್ಲಿ ಅರ್ಧ ಅತಿ ಹೆಚ್ಚು ಫಿನಿಶ್ ಮಾಡಿದವನಿಗೆ, ಅರ್ಧ ಮೊದಲ ಸಲ ಬಂದ ಒಳ್ಳೆಯ ತಂಡಕ್ಕೆ. ಮೊದಲ ಬಹುಮಾನ ಶೇ. 24 ಮಾತ್ರ. ಪೋಸ್ಟರಿನಲ್ಲಿ ಅಷ್ಟು ಗಮ್ಮತ್ತಾಗಿ ಕಾಣದಿರಬಹುದು. ಆದರೆ ಹದಿನಾರೂ ತಂಡ ಮುಂದಿನ ಸಲವೂ ಬರುತ್ತವೆ.

ಮೇಲಕ್ಕೆ ಹೋಗುವ ಆಟಗಾರನ ಮನೆಯವರಿಗೂ ಒಂದು ಲೆಕ್ಕ. ಬಿಜಿಎಂಐಯ ಮೊದಲ ದೊಡ್ಡ ರಾಷ್ಟ್ರೀಯ ಟೂರ್ನಿಯ ಒಟ್ಟು ಬಹುಮಾನ 1 ಕೋಟಿ, ಗೆದ್ದವರಿಗೆ 50 ಲಕ್ಷ. ಅಂಥ 50 ಲಕ್ಷದ ಮೇಲೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಹೋದರೆ ಉಳಿಯುವುದು 34.4 ಲಕ್ಷ. ತಂಡ ಸಾಕುವ ಸಂಸ್ಥೆ ಶೇ. 20 ಇಟ್ಟುಕೊಂಡು ಉಳಿದದ್ದನ್ನು ಬದಲಿ ಆಟಗಾರನೂ ಸೇರಿ ಐವರಿಗೆ ಹಂಚಿದರೆ ಒಬ್ಬನಿಗೆ ಐದೂವರೆ ಲಕ್ಷ. ದೇಶಕ್ಕೇ ಮೊದಲು ಬಂದವನ ಪಾಲು ಇದು. ಆದ್ದರಿಂದ ತಂಡದವರು ಕರಾರು ತಂದಾಗ ಬಹುಮಾನದ ಶೇಕಡಾವಾರಿಗಿಂತ ಮೊದಲು ತಿಂಗಳ ಸಂಬಳ ಯಾವ ತಾರೀಕಿಗೆ ಬ್ಯಾಂಕಿಗೆ ಬೀಳುತ್ತದೆ, ಗೇಮ್ ಬಂದ್ ಆದರೆ ಸಂಬಳ ನಿಲ್ಲುತ್ತದೆಯೇ, ತಂಡ ಬಿಡಬೇಕೆಂದರೆ ಎಷ್ಟು ದಿನದ ನೋಟಿಸು, ಆಟಗಾರನ ಯೂಟ್ಯೂಬ್ ಚಾನೆಲ್ ಯಾರ ಸ್ವತ್ತು ಎಂದು ಕೇಳಿ. ಕರಾರು ಇಂಗ್ಲಿಷಿನಲ್ಲಿದ್ದರೆ ತಾಲ್ಲೂಕು ಕೋರ್ಟಿನ ವಕೀಲರೊಬ್ಬರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಹುಡುಗನಿಗೆ 18 ತುಂಬಿಲ್ಲವೆಂದರೆ ಅವನೊಬ್ಬನ ಸಹಿಯ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅವನ ಕೈಯಲ್ಲಿ ಸಹಿ ಹಾಕಿಸಿಕೊಳ್ಳಲು ಅವಸರ ಮಾಡುವ ತಂಡಕ್ಕೆ ಅಪ್ಪ-ಅವ್ವ ಅಲ್ಲೇ ಬ್ಯಾಡ ಅನ್ನಬೇಕು.