ಮಾತ್ರೆ ತಗೊಂಡ್ರಾ?

ನಿನ್ನೆ ಮಾನಸಿಕ ಆರೋಗ್ಯದ ಕುರಿತ ಸಭೆಯೊಂದಕ್ಕೆ ಹೋಗಿ ಸಿಟ್ಟು ಹೊತ್ತುಕೊಂಡು ಬಂದಿದ್ದೇನೆ. ಭಾಷಣಗಳೇನೋ ಚೆನ್ನಾಗಿಯೇ ಇದ್ದವು. ತೀವ್ರ ಖಿನ್ನತೆಯಿಂದ ಚೇತರಿಸಿಕೊಂಡ ಒಬ್ಬರು ತಮ್ಮ ಅನುಭವ ಹೇಳಿಕೊಂಡಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲ ಮುಗಿದ ಮೇಲೆ ಅವರೇ ಕುರ್ಚಿಗಳನ್ನು ಮಡಚಿಡುತ್ತ, ತಂತಿಗಳನ್ನು ಹಾದಿಗಡ್ಡ ಬಿಟ್ಟುಹೋದ ಮೈಕಿನ ಹುಡುಗನ ಮೇಲೆ ತುಸು ದನಿಯೇರಿಸಿದರು. ಅಷ್ಟೇ. ಅರ್ಧ ಗಂಟೆಯ ಹಿಂದೆ ‘ಕಳಂಕ ತೊಲಗಲಿ’ ಎಂದು ಗುಡುಗಿದ್ದ ಭಾಷಣಕಾರರು ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು, ಬಹಳ ಮೆತ್ತಗೆ ಕೇಳಿದರು: “ಇವತ್ತು ಮಾತ್ರೆ ತಗೊಂಡ್ರಾ?”

ಆ ಮನುಷ್ಯ ಅರ್ಧ ಮಡಚಿದ ಕುರ್ಚಿಯನ್ನು ಹಿಡಿದುಕೊಂಡೇ ಸುಮ್ಮನೆ ನಿಂತರು.

ಕಾಲು ಮುರಿದು ವಾಸಿಯಾದವನು ಎಡವಿದರೆ ನಾವು ಕಲ್ಲನ್ನು ಬೈಯುತ್ತೇವೆ. ಮನಸ್ಸಿನ ಕಾಯಿಲೆಯಿಂದ ಎದ್ದು ಬಂದವನು ಸಿಡುಕಿದರೆ ಮಾತ್ರ ಅವನ ಔಷಧದ ಚೀಟಿ ಹುಡುಕುತ್ತೇವೆ. ಮಾತ್ರೆ, ಆಪ್ತಸಮಾಲೋಚನೆಗಳಿಂದ ರೋಗಲಕ್ಷಣಗಳು ತಗ್ಗಬಹುದು. ಅದಾದ ಮೇಲೆ ಬೇಕಾಗುವ ಕೆಲಸ, ಸ್ನೇಹ, ಜಗಳವಾಡುವ ಸ್ವಾತಂತ್ರ್ಯ ಇವೆಲ್ಲ ಸಿಗಬೇಕಾದದ್ದು ನಮ್ಮಂಥವರಿಂದ, ಮತ್ತು ನಾವು ಕೊಡುತ್ತಿರುವುದು ಚಪ್ಪಾಳೆ. ಬೆಲ್ಜಿಯಂನ ಖೇಲ್ ಎಂಬ ಊರಿನ ಕುಟುಂಬಗಳು ಶತಮಾನಗಳಿಂದ ಮಾನಸಿಕ ಅಸ್ವಸ್ಥರನ್ನು ತಮ್ಮ ಮನೆಗಳಲ್ಲೇ ಇರಿಸಿಕೊಳ್ಳುತ್ತ ಬಂದಿವೆ. 1930ರ ದಶಕದಲ್ಲಿ ಹಾಗಿದ್ದವರ ಸಂಖ್ಯೆ 3,000 ದಾಟಿತ್ತು. ಅಲ್ಲಿ ಅವರನ್ನು ಕರೆಯುವುದು ರೋಗಿ ಎಂದಲ್ಲ, ಮನೆಯಲ್ಲಿ ಉಳಿದುಕೊಂಡವರು ಎಂದು. ಆ ಊರಿನವರೆಲ್ಲ ಸಂತರೇನೂ ಆಗಿರಲಿಕ್ಕಿಲ್ಲ, ಆ ವ್ಯವಸ್ಥೆಯಲ್ಲಿ ಹಣದ ಲೆಕ್ಕಾಚಾರವೂ ಇತ್ತು. ಆದರೂ ಹೊಲದಲ್ಲಿ, ಅಡುಗೆಮನೆಯಲ್ಲಿ ಜೊತೆಗೆ ದುಡಿಯುವವನನ್ನು ದಿನವಿಡೀ ರೋಗಿಯೆಂದೇ ನೋಡುತ್ತಿರುವುದು ಯಾರಿಗಾದರೂ ಕಷ್ಟ.

ಕಾಯಿಲೆ ಮರುಕಳಿಸುವ ಮುನ್ಸೂಚನೆಗಳನ್ನು ಗಮನಿಸುವುದು ಬೇಡವೇ ಎಂದು ಕೆಲವರು ಕೇಳಿಯೇ ಕೇಳುತ್ತೀರಿ. ಬೇಕು ಸ್ವಾಮಿ. ನಾಲ್ಕಾರು ರಾತ್ರಿ ನಿದ್ದೆಯಿಲ್ಲದಿರುವುದು, ಎಲ್ಲರಿಂದ ದೂರ ಸರಿಯುವುದು, ಔಷಧವನ್ನು ತಾವಾಗಿಯೇ ನಿಲ್ಲಿಸುವುದು, ಇಂಥವನ್ನು ಹತ್ತಿರದವರು ಗಮನಿಸಬೇಕು; ಏನು ಗಮನಿಸಬೇಕು, ಆಗ ಯಾರನ್ನು ಕರೆಯಬೇಕು ಎಂಬುದನ್ನು ಕಾಯಿಲೆಯಿಂದ ಎದ್ದು ಬಂದವರು ಚೆನ್ನಾಗಿರುವಾಗಲೇ ಅವರನ್ನೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಆದರೆ ಕಾಲಿಗೆ ತೊಡರುವ ತಂತಿಯನ್ನು ಕಂಡು ಬರುವ ಸಿಟ್ಟು ಯಾವ ವೈದ್ಯಶಾಸ್ತ್ರದ ಪ್ರಕಾರ ಮುನ್ಸೂಚನೆ? ನನಗೂ ಸಿಟ್ಟು ಬಂದಿತ್ತು. ನನ್ನನ್ನು ಯಾರೂ ಮಾತ್ರೆ ಕೇಳಲಿಲ್ಲ.

ಇಷ್ಟೆಲ್ಲ ಬರೆಯುವ ಯೋಗ್ಯತೆ ನನಗಿದೆಯೇ ಎಂಬುದು ಬೇರೆ ಮಾತು. ನನ್ನ ಅಕ್ಕನ ವಿಷಯವನ್ನೇ ನೋಡಿ. ಆಕೆಗೆ ಬೈಪೋಲಾರ್ ಕಾಯಿಲೆಯೆಂದು, ಅಂದರೆ ಮನಸ್ಸು ಕೆಲಕಾಲ ಅತಿ ಉತ್ಸಾಹಕ್ಕೂ ಕೆಲಕಾಲ ಖಿನ್ನತೆಗೂ ಹೊಯ್ದಾಡುವ ಕಾಯಿಲೆಯೆಂದು, ತಿಳಿದು ಹನ್ನೊಂದು ವರ್ಷವಾಯಿತು, ಕೆಲಸಕ್ಕೆ ಮರಳಿ ಆರು. ಕಳೆದ ತಿಂಗಳು ಆಕೆ ಫೋನಿನಲ್ಲಿ ಯಾರೊಂದಿಗೋ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಮೆಲ್ಲಗೆ ಒಳಗೆ ಹೋಗಿ ಡ್ರಾಯರ್ ತೆರೆದು, ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುತ್ತಿದ್ದೆ. ಹಿಂದಿನಿಂದ ಅವಳ ದನಿ ಕೇಳಿತು: “ಎಣಿಸಿದ್ದು ಮುಗೀತೇನೋ? ಯಾಕೆ ನಗ್ತಿದ್ದೆ ಅಂತ ಹೇಳ್ಲಾ?”

ಲೆಕ್ಕ ಸರಿಯಾಗಿಯೇ ಇತ್ತು. ಹೇಳು ಅನ್ನಲು ನನಗೆ ಮುಖವಿರಲಿಲ್ಲ.