ಇಡ್ಲಿ ತಟ್ಟೆಯಲ್ಲಿ ಎಂಟು ವಾಲ್ವು

ಮುಂಬೈಯಲ್ಲಿ ನಮಗೊಂದು ಗ್ಯಾರೇಜು ಇದೆ ಅಂದರೆ ಜನ ಮೊದಲು ನಂಬುವುದಿಲ್ಲ. ನಂಬಿದ ಮೇಲೆ ಬಾಡಿಗೆ ಎಷ್ಟು ಬರುತ್ತದೆ ಅಂತ ಕೇಳುತ್ತಾರೆ. ಮಾಟುಂಗದ ಹಳೇ ಕಟ್ಟಡಗಳ ಹಿಂದೆ ಇಂಥ ಗ್ಯಾರೇಜುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ನಮ್ಮ ಸಾಲಿನಲ್ಲಿ ಒಂದರಲ್ಲಿ ಇಸ್ತ್ರಿ ಅಂಗಡಿ, ಒಂದರಲ್ಲಿ ಗಣಿತದ ಟ್ಯೂಷನ್, ಒಂದರಲ್ಲಿ ಯಾರದೋ ಮುರಿದ ಸೋಫಾ. ಕಾರು ಇರುವುದು ನಮ್ಮದರಲ್ಲಿ ಮಾತ್ರ. ಅದೂ ಓಡದ ಕಾರು.

ಕಾರು ಮಾವನದು. 1984ರ ಪ್ರೀಮಿಯರ್ ಪದ್ಮಿನಿ. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಗೊಂಡ ಗಾಡಿ. ಆಗ ಕಾರಿಗೂ ಕ್ಯೂ, ಫೋನಿಗೂ ಕ್ಯೂ. ಮಾವ ಹೋಟೆಲು ನಡೆಸುತ್ತಿದ್ದಾಗ ಬೆಳಗ್ಗೆ ದಾದರಿನಿಂದ ತರಕಾರಿ ಮೂಟೆ ಅದರಲ್ಲೇ ಬರುತ್ತಿತ್ತಂತೆ. ಸಂಜೆ ಅತ್ತೆ ಮತ್ತು ಮಕ್ಕಳು ಅದರಲ್ಲೇ ಚೌಪಾಟಿಗೆ. ಹಿಂದಿನ ಸೀಟಿಗೆ ಇವತ್ತಿಗೂ ಈರುಳ್ಳಿ ವಾಸನೆ. ಇಷ್ಟಾದರೂ ಸರ್ಕಾರದ ಲೆಕ್ಕದಲ್ಲಿ ಅದು ವಿಂಟೇಜ್ ಅಲ್ಲ. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಬೇಕು. ಹಾಗಂತ ಹೊಸದೂ ಅಲ್ಲ. 15 ವರ್ಷ ದಾಟಿದ ತಪ್ಪಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಹೋಗಿ ಕೈಮುಗಿಯಬೇಕು, ಮೇಲೆ ಹಸಿರು ತೆರಿಗೆ ಕಟ್ಟಬೇಕು.

2023ರ ಅಕ್ಟೋಬರ್ ಕೊನೆಗೆ ಮುಂಬೈ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಹೋಯಿತು. ಕಾಲಿ ಪೀಲಿಗೆ, ಅಂದರೆ ಕಪ್ಪು ಹಳದಿ ಟ್ಯಾಕ್ಸಿಗೆ, ಇಲ್ಲಿ 20 ವರ್ಷದ ಮಿತಿ. ಕೊನೆಯದು ನೋಂದಣಿಯಾದದ್ದು 2003ರಲ್ಲಿ. ಟಿವಿಯಲ್ಲಿ ಎಲ್ಲರೂ ಕಣ್ಣು ಒರೆಸಿಕೊಂಡರು. ಮಾವ ಒರೆಸಿಕೊಳ್ಳಲಿಲ್ಲ. ಬೆಳಗ್ಗೆ ಕಾಫಿ ಲೋಟ ಇಟ್ಟು, "ಮಗಳೇ, ಇಂಜಿನ್ ಬಿಚ್ಚುವ" ಅಂದರು.

ನನ್ನ ಡಿಗ್ರಿಯ ಮೇಲೆ ಮೆಕ್ಯಾನಿಕಲ್ ಅಂತ ಬರೆದಿದೆ. ಕೆಲಸ ಮಾಡುವುದು ಬ್ಯಾಂಕಿನ ಸಾಫ್ಟ್‌ವೇರ್ ಮೇಲೆ. ಈ ಎರಡನೇ ವಿಷಯ ಮಾವನಿಗೆ ಮುಖ್ಯ ಅಲ್ಲ. ಅವರ ಮಗ, ಅಂದರೆ ನಮ್ಮವರು, ಚಾರ್ಟರ್ಡ್ ಅಕೌಂಟೆಂಟ್. ಗ್ರೀಸ್ ಕಂಡರೆ ಎರಡು ಹೆಜ್ಜೆ ಹಿಂದೆ. ಹಾಗಾಗಿ ತಂಡ ಅಂದರೆ ಮಾವ, ನಾನು, ಮತ್ತು ವಡಾಲಾದಿಂದ ಬರುವ ಒಬ್ಬ ಉಸ್ತಾದ್. ಉಸ್ತಾದರ ಅರ್ಧ ಆಯುಷ್ಯ ಈ ಇಂಜಿನ್ನಿನ ಕೆಳಗೇ ಕಳೆದಿದೆ.

ಪದ್ಮಿನಿಯ ಇಂಜಿನ್ನು ಸಣ್ಣದು. 1089 ಸಿಸಿ, ನಾಲ್ಕು ಸಿಲಿಂಡರ್. ಸಿಲಿಂಡರುಗಳಿರುವ ಬ್ಲಾಕು ಎರಕದ ಕಬ್ಬಿಣ, ಅದರ ಮೇಲಿನ ಮುಚ್ಚಳ, ಅಂದರೆ ಹೆಡ್ಡು, ಅಲ್ಯೂಮಿನಿಯಂ. ಮುಂಬೈಯ ಉಪ್ಪುಗಾಳಿಯಲ್ಲಿ ಹೀಗೆ ಎರಡು ಲೋಹ ವರ್ಷಗಟ್ಟಲೆ ಒಟ್ಟಿಗೆ ಕೂತರೆ ಬಿಡಿಸಲಿಕ್ಕೆ ದೇವರೇ ಬರಬೇಕು. ನಟ್ಟೆಲ್ಲ ತೆಗೆದೆವು. ಹೆಡ್ಡು ಮಾತ್ರ ಅಲ್ಲಾಡಲಿಲ್ಲ. ಸ್ಟಡ್ಡುಗಳ ಬುಡಕ್ಕೆ ಸೀಮೆಎಣ್ಣೆ ಬಿಟ್ಟೆವು, ಮರದ ಸುತ್ತಿಗೆಯಲ್ಲಿ ತಟ್ಟಿದೆವು, ಮಾವ ತುಳುವಿನಲ್ಲಿ ಬೈದರು. ಏನೂ ಪ್ರಯೋಜನ ಆಗಲಿಲ್ಲ.

ಉಸ್ತಾದ್ ಬೀಡಿ ಆರಿಸಿ, "ರಸ್ಸಿ ಲಾವೋ" ಅಂದರು.

ಇದೊಂದು ಹಳೇ ಉಪಾಯ. ಪಿಸ್ಟನ್ ಕೆಳಗಿದ್ದಾಗ ಸ್ಪಾರ್ಕ್ ಪ್ಲಗ್ ತೂತಿನಿಂದ ಸಿಲಿಂಡರಿನೊಳಕ್ಕೆ ಹಗ್ಗ ತುರುಕುವುದು. ಗಾಳಿ ಒಳಗೆ ಬಿಡುವ ಇನ್‌ಲೆಟ್, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್, ಎರಡೂ ವಾಲ್ವು ಮುಚ್ಚಿರಬೇಕು, ಅಂದರೆ ಅದು ಪಿಸ್ಟನ್ ಗಾಳಿಯನ್ನು ಒತ್ತುವ ಕಂಪ್ರೆಶನ್ ಸ್ಟ್ರೋಕ್ ಆಗಿರಬೇಕು. ಆಮೇಲೆ ಕ್ರ್ಯಾಂಕನ್ನು ಪಾನಾ ಹಾಕಿ ನಿಧಾನ ತಿರುಗಿಸಿದರೆ ಪಿಸ್ಟನ್ ಮೇಲೆ ಬರುತ್ತದೆ, ಹಗ್ಗ ಒತ್ತಿಕೊಂಡು ಗಟ್ಟಿ ಉಂಡೆಯಾಗುತ್ತದೆ, ಆ ಉಂಡೆ ಹೆಡ್ಡನ್ನು ಕೆಳಗಿನಿಂದ ಎತ್ತುತ್ತದೆ. ಕಬ್ಬಿಣಕ್ಕೆ ಗೀರು ಬೀಳುವುದಿಲ್ಲ. ಓದುವಾಗ ನಮಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಹಗ್ಗ ಎಲ್ಲಿಂದ ಬಂತು ಅಂತ ನಾನು ಆಗ ಕೇಳಲಿಲ್ಲ. ಮಾವ ಮೇಲೆ ಹೋಗಿ ಕೆಳಗೆ ಬಂದರು, ಕೈಯಲ್ಲಿ ನೈಲಾನ್ ಹಗ್ಗ ಇತ್ತು. ದಬಕ್ ಅಂತ ಹೆಡ್ಡು ಬಿಟ್ಟಿತು. ಖುಷಿಯಲ್ಲಿ ಮೂವರೂ ಚಹಾ ಕುಡಿದೆವು. ಮಾವ ಹಗ್ಗವನ್ನು ಬಟ್ಟೆಯಲ್ಲಿ ಒರೆಸಿ, ತಂದ ಜಾಗಕ್ಕೇ ಕಟ್ಟಿ ಬಂದರು. ತಂದ ಜಾಗ ಅಂದರೆ ಬಟ್ಟೆ ಒಣಹಾಕುವ ಗ್ಯಾಲರಿ. ನಮ್ಮವರು ಸೋಮವಾರ ಆಡಿಟ್‌ಗೆ ಹೋದಾಗ ಅವರ ಬಿಳಿ ಅಂಗಿಯ ಬೆನ್ನಿಗೆ, ಭುಜದಿಂದ ಭುಜಕ್ಕೆ, ನೆಟ್ಟಗೆ ಒಂದು ಕಪ್ಪು ಗೆರೆ ಇತ್ತು. ಸ್ಕೇಲು ಇಟ್ಟು ಎಳೆದರೂ ಅಷ್ಟು ನೇರ ಬರುತ್ತಿರಲಿಲ್ಲ.

ಬ್ಲಾಕು ಕುರ್ಲಾದ ಲೇತಿಗೆ ಹೋಯಿತು. ಅದು ಹುಟ್ಟಿದ್ದೂ ಕುರ್ಲಾದಲ್ಲೇ. ಪ್ರೀಮಿಯರ್ ಕಾರ್ಖಾನೆ ಅಲ್ಲಿತ್ತು. ಹೆಡ್ಡಿನ ಕೆಲಸ ನಮ್ಮದು. ಎಂಟು ವಾಲ್ವುಗಳನ್ನು ಅವು ಕೂರುವ ಅಂಚಿನ, ಅಂದರೆ ಸೀಟಿನ ಮೇಲೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜಬೇಕು. ಕೋಲಿನ ತುದಿಯ ರಬ್ಬರ್ ಕಪ್ಪನ್ನು ವಾಲ್ವಿಗೆ ಅಂಟಿಸಿ, ಎರಡು ಅಂಗೈ ನಡುವೆ ಕಡೆಗೋಲು ತಿರುಗಿಸಿದ ಹಾಗೆ ಹಿಂದೆ ಮುಂದೆ. ಗರಗರ ಸದ್ದು ಮೆತ್ತಗಾಗುತ್ತಾ ಬಂದು ಬೂದು ಬಣ್ಣದ ಒಂದು ಉಂಗುರ ಮೂಡಿದರೆ ಆಯಿತು. ಮುಖ್ಯವಾದ ಮಾತೇನೆಂದರೆ, ಯಾವ ವಾಲ್ವು ಯಾವ ಸೀಟಿನ ಮೇಲೆ ಉಜ್ಜಿದ್ದೋ ಅದು ಅಲ್ಲಿಗೇ ಹೋಗಬೇಕು. ಅದಲು ಬದಲಾದರೆ ಅಷ್ಟೂ ಕೆಲಸ ನೀರುಪಾಲು.

ಎಂಟನ್ನು ಸಾಲು ತಪ್ಪದಂತೆ ಇಡಲು ಮನೆಯಲ್ಲಿ ಏನಿದೆ ಅಂತ ನೋಡಿದೆ. ಇಡ್ಲಿ ತಟ್ಟೆ! ಒಂದು ತಟ್ಟೆಗೆ ನಾಲ್ಕು ಗುಳಿ. ಮೇಲಿನದರಲ್ಲಿ ಇನ್‌ಲೆಟ್, ಕೆಳಗಿನದರಲ್ಲಿ ಎಕ್ಸಾಸ್ಟ್. ಇದನ್ನು ಕಂಡುಹಿಡಿದ ಹೆಮ್ಮೆಯಲ್ಲಿ ನಾನು ಫೋಟೊ ತೆಗೆದು ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೂ ಹಾಕಿದೆ. ಅತ್ತೆಗೆ ಆ ಗುಂಪು ನೋಡುವ ಅಭ್ಯಾಸ ಇಲ್ಲ. ಭಾನುವಾರ ಬೆಳಗ್ಗೆ ಅವರಿಗೆ ಕಂಡದ್ದು ತಮ್ಮ ಇಡ್ಲಿ ತಟ್ಟೆ, ಅದರಲ್ಲಿ ಕರೀ ಮೊಳೆಗಳು.

ನಾನು ಏಳುವಷ್ಟರಲ್ಲಿ ತಟ್ಟೆ ಹುಣಸೆಹುಳಿ ಹಾಕಿ ತಿಕ್ಕಿ ಹೊಳೆಯುತ್ತಿತ್ತು. ಒಳಗೆ ಇಡ್ಲಿ ಬೇಯುತ್ತಿತ್ತು. ವಾಲ್ವುಗಳೂ ಹುಣಸೆಹುಳಿಯ ಸ್ನಾನ ಮುಗಿಸಿ, ಒಂದೇ ಐಸ್‌ಕ್ರೀಮ್ ಡಬ್ಬಿಯಲ್ಲಿ ಒಟ್ಟಿಗೆ ಮಲಗಿದ್ದವು.

"ಅತ್ತೆ, ಯಾವುದು ಯಾವ ಗುಳಿಯಲ್ಲಿತ್ತು?"

"ಎಂಟೂ ಉಂಟಲ್ಲ, ಎಣಿಸಿಯೇ ಹಾಕಿದ್ದೇನೆ."

ಅವರ ಕಡೆಯಿಂದ ಲೆಕ್ಕ ಸರಿಯಾಗೇ ಇತ್ತು. ಏನಂತ ಜಗಳ ಆಡುವುದು? ಸಾಂಬಾರು ಬೇರೆ ಚೆನ್ನಾಗಿತ್ತು. ಎಂಟನ್ನೂ ಮತ್ತೆ ಉಜ್ಜಿದೆವು. ಕೊನೆಗೆ ಹೆಡ್ಡನ್ನು ಬೋರಲು ಇಟ್ಟು, ಗುಂಡಿಗಳಿಗೆ ಸೀಮೆಎಣ್ಣೆ ತುಂಬಿ ಸೋರುತ್ತದಾ ಅಂತ ಕಾದೆವು. ಒಂದು ತೊಟ್ಟೂ ಬೀಳಲಿಲ್ಲ. ಹುಣಸೆಹುಳಿಯ ಮಹಿಮೆ ಅಂತ ಅತ್ತೆ ಈಗಲೂ ನಂಬಿದ್ದಾರೆ.

ಲೇತಿನವನದು ಒಂದೇ ಹಟ. ಮೊದಲು ಪಿಸ್ಟನ್ ತನ್ನಿ, ಆಮೇಲೆ ಬೋರ್ ಮಾಡುತ್ತೇನೆ. ಅವನ ಮಾತು ಸರಿ. ಕಂಪನಿ ಕೊಟ್ಟ ಬೋರ್, ಅಂದರೆ ಸಿಲಿಂಡರಿನ ತೂತಿನ ಅಗಲ, 68 ಮಿಲಿಮೀಟರ್. ಸವೆದದ್ದನ್ನು ಕೊರೆದು ದೊಡ್ಡದು ಮಾಡಿದರೆ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೈಯಲ್ಲಿರಬೇಕಲ್ಲ. ಈ ಗಾಡಿ ತಯಾರಾಗುವುದು ನಿಂತು ಇಪ್ಪತ್ತು ವರ್ಷದ ಮೇಲಾಗಿದೆ. ಕುರ್ಲಾದ ಸಿಎಸ್‌ಟಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಅಲೆದು, ಒಂದು ಮಾಳಿಗೆಯ ಮೇಲೆ ಧೂಳು ತಿನ್ನುತ್ತಿದ್ದ ಸೆಟ್ಟು ಸಿಕ್ಕಿತು. ಪಿಸ್ಟನ್‌ಗಳನ್ನು ಲೇತಿಗೆ ಕೊಟ್ಟು, ಅವುಗಳ ಸುತ್ತ ಕೂರುವ ರಿಂಗುಗಳನ್ನು ಮಾವನಿಗೆ ತೋರಿಸಲು ಬ್ಯಾಗಿಗೆ ಹಾಕಿಕೊಂಡು ಲೋಕಲ್ ಹತ್ತಿದೆ.

ಕುರ್ಲಾ, ಸಯನ್, ಮಾಟುಂಗ. ಇರುವುದೇ ಅಷ್ಟು ದೂರ. ಲೇಡೀಸ್ ಡಬ್ಬಿಯಲ್ಲಿ ಕೂತು, ಸುಮ್ನೆ ಒಂದು ಸಲ ನೋಡೋಣ ಅಂತ ರಿಂಗುಗಳ ಪೊಟ್ಟಣ ಬಿಚ್ಚಿದೆ. ಎದುರಿನ ಹೆಂಗಸಿನ ಕಣ್ಣು ಅರಳಿತು.

"ಕಿತನೇ ಕಾ ಹೈ?"

ಲೇಡೀಸ್ ಡಬ್ಬಿಯಲ್ಲಿ ಕ್ಲಿಪ್ಪು, ಟಿಕಲಿ, ನೈಲ್‌ಪಾಲಿಶ್ ಮಾರುವವರು ಬರುತ್ತಲೇ ಇರುತ್ತಾರೆ. ಪೊಟ್ಟಣ ಬಿಚ್ಚಿದವರೆಲ್ಲ ವ್ಯಾಪಾರಿಗಳೇ. ನಾನು ಬಾಯಿ ತೆರೆಯುವ ಮೊದಲೇ ಆಕೆ ಒಂದು ರಿಂಗು ಎತ್ತಿ ಕೈಗೆ ಏರಿಸಿಯೂ ಆಗಿತ್ತು. ಸೈಜು ಸರಿಯಾಗೇ ಇತ್ತು ಅನ್ನುವುದು ಸೋಜಿಗ. ಆಮೇಲೆ ರಿಂಗಿನ ಬಾಯಿ ಕಂಡಿತು. ಪಿಸ್ಟನ್ ರಿಂಗು ಪೂರ್ತಿ ಸುತ್ತು ಇರುವುದಿಲ್ಲ. ಬಿಸಿಗೆ ಹಿಗ್ಗಲು ಕೂದಲೆಳೆ ಜಾಗ ಬಿಟ್ಟಿರುತ್ತಾರೆ, ಹೊರಗಿದ್ದಾಗ ಆ ಬಾಯಿ ಇನ್ನೂ ಅಗಲ ತೆರೆದಿರುತ್ತದೆ. ಆಕೆ ಇನ್ನೊಂದು ತೆಗೆದು ನೋಡಿದಳು, ಮತ್ತೊಂದು ನೋಡಿದಳು. ಆಮೇಲೆ ಪಕ್ಕದವಳಿಗೆ ಜೋರಾಗಿ ಹೇಳಿದಳು: ಎಲ್ಲಾ ಒಡೆದ ಬಳೆ, ಬೆಳ್ಳಿಯೂ ಅಲ್ಲ, ಮೋಸ! ನಾನು ಮಾಟುಂಗದಲ್ಲಿ ಇಳಿಯುವವರೆಗೆ ಆ ಡಬ್ಬಿಯಲ್ಲಿ ನನ್ನ ಮಾನ ಹರಾಜಾಗುತ್ತಲೇ ಇತ್ತು.

ಬಣ್ಣದ ವಿಷಯಕ್ಕೆ ಬರುತ್ತೇನೆ. ವೈರ್ ಬ್ರಷ್ ಹಾಕಿ ಬ್ಲಾಕನ್ನು ಉಜ್ಜಿದರೆ ಮೇಲೆ ಕಪ್ಪು, ಅದರ ಕೆಳಗೆ ಬೆಳ್ಳಿ, ಅದರ ಕೆಳಗೆ ಬೂದಿಯೋ ಹಸಿರೋ ಹೇಳಲಾಗದ ಒಂದು ಬಣ್ಣ. ಒಂದೊಂದು ಪದರವೂ ಒಬ್ಬೊಬ್ಬ ಮೆಕ್ಯಾನಿಕ್ಕಿನ ಕಾಲದ್ದು. ಕಂಪನಿಯಿಂದ ಬಂದಾಗ ಬೂದಿ ಅಂತ ಮಾವ. ಹಸಿರು ಅಂತ ಉಸ್ತಾದ್. ಇಬ್ಬರೂ ಅದೇ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ, ತಮ್ಮ ತಮ್ಮ ಮಾತೇ ಗೆದ್ದಿತು ಅಂತ ಎದ್ದರು.

"ಬಾನೆಟ್ ಮುಚ್ಚಿದ ಮೇಲೆ ಯಾರಿಗೆ ಕಾಣ್ತದೆ?" ಅಂತ ಅತ್ತೆ ಗ್ಯಾಲರಿಯಿಂದ ಕೇಳಿದರು.

ಮಾವ ತಲೆ ಎತ್ತಲಿಲ್ಲ. "ಪದ್ಮಿನಿಯ ಬಾನೆಟ್ ಮುಚ್ಚಿದ್ದು ಯಾವಾಗ ಮಾರಾಯ್ತಿ?"

ಹಸಿರೇ ಆಯಿತು. ಬೂದಿ ಬಣ್ಣದ ಹೀಟ್‌ಪ್ರೂಫ್ ಡಬ್ಬಿ ಅಂಗಡಿಯಲ್ಲಿ ಇರಲಿಲ್ಲ ಅನ್ನುವುದು ಬಿಟ್ಟರೆ ಇದರಲ್ಲಿ ಯಾರದೂ ಸೋಲಿಲ್ಲ. ಆದರೆ ನಾವು ಬಣ್ಣಕ್ಕೆ ಇಳಿದದ್ದು ಜುಲೈಯಲ್ಲಿ. ಮುಂಬೈ ಜುಲೈ ಗೊತ್ತಲ್ಲ, ಒಗೆದ ಟವೆಲ್ ಮೂರನೇ ದಿನಕ್ಕೂ ಒದ್ದೆ. ಉಸ್ತಾದ್ ಸ್ಪ್ರೇ ಗನ್ನು ಹಿಡಿದು ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿಗೆ ಮೊದಲ ಕೈ ಹೊಡೆದರು. ಚಂದ ಹಸಿರು. ನೋಡುತ್ತಿದ್ದ ಹಾಗೇ ಹಸಿರಿನ ಮೇಲೆ ಹಾಲಿನ ಕೆನೆಯಂಥ ಬಿಳುಪು ಹರಡಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ನಿಧಾನ ಆರುವ ಥಿನ್ನರ್ ತರಬೇಕು ಅಂತ ಉಸ್ತಾದ್ ಹೇಳಿ, ಅದೇ ವಾರ ತಂಗಿಯ ಮಗನ ಮದುವೆ ಅಂತ ಊರಿಗೆ ಹೊರಟರು.

ಥಿನ್ನರ್ ನಾನೇ ತಂದೆ. ಒಣಗಿಸಲು ಮಾವ ಎರಡು ದೊಡ್ಡ ಬಲ್ಬು ತೂಗಿಹಾಕಿದರು. ಮಳೆಯಲ್ಲಿ ನೆನೆದ ಬಿಲ್ಡಿಂಗಿನ ಬೆಕ್ಕಿಗೆ ಆ ಬೆಚ್ಚಗಿನ ಜಾಗ ತುಂಬಾ ಹಿಡಿಸಿತು. ಬೆಳಗ್ಗೆ ಟ್ಯಾಪೆಟ್ ಕವರ್ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೆಜ್ಜೆಗಳು, ನಡುವೆ ಕೂತ ಗುರುತು. ಗುಂಪಿನಲ್ಲಿ ಮೂರನೇ ಮಹಡಿಯವರು ಹಸಿರು ಬಾಲದ ಬೆಕ್ಕಿನ ಫೋಟೊ ಹಾಕಿ, ಇದು ಯಾವ ಜಾತಿ ಅಂತ ಕೇಳಿದ್ದರು. ಕವರನ್ನು ಮತ್ತೆ ಉಜ್ಜಿ ಬಣ್ಣ ಹೊಡೆದೆವು. ಬೆಕ್ಕನ್ನು ಉಜ್ಜಲು ಯಾರೂ ಮುಂದೆ ಬರಲಿಲ್ಲ.

ಜೋಡಣೆ ಹೆಚ್ಚು ತಕರಾರಿಲ್ಲದೆ ಮುಗಿಯಿತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೇ ರಬ್ಬರ್ ಪೈಪೆಲ್ಲ ಬದಲಿಸಿದೆವು. ಉಸ್ತಾದ್ ಇನ್ನೂ ಊರಲ್ಲೇ. ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮಾತ್ರ ತಾನೇ ಕೂರಿಸುತ್ತೇನೆ ಅಂತ ಮಾವ ಹಟ ಹಿಡಿದರು. ಒಂದು, ಮೂರು, ನಾಲ್ಕು, ಎರಡು. ಫೈರಿಂಗ್ ಆರ್ಡರ್ ಅವರಿಗೆ ಮಗ್ಗಿಯಷ್ಟೇ ಬಾಯಿಪಾಠ. ತೊಡಕು ಎಲ್ಲಿದೆ ಅಂದರೆ, ಒಂದನೇ ಪಿಸ್ಟನ್ ಒಂದು ಸರದಿಯಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಕಿಡಿ ಬೇಕಾದಾಗ, ಇನ್ನೊಮ್ಮೆ ಹೊಗೆ ಉಗುಳುವಾಗ. ಮಾವ ಹಿಡಿದದ್ದು ಎರಡನೆಯದನ್ನು.

ಕೀಲಿ ತಿರುಗಿಸಿದೆ. ಢಂ! ಕಾರ್ಬೊರೇಟರಿನ ಬಾಯಿಂದ ಬೆಂಕಿ. ಟ್ಯೂಷನ್ ಹುಡುಗರು ಪುಸ್ತಕ ಬಿಟ್ಟು ಓಡಿ ಬಂದರು. ಇಸ್ತ್ರಿಯವನು ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದ. ಮಾವ ಹುಬ್ಬು ಮುಟ್ಟಿ ನೋಡಿಕೊಂಡು, "ಕರೆಂಟು ಚೆನ್ನಾಗಿ ಬರ್ತಾ ಉಂಟು" ಅಂದರು. ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದ ಮೇಲೆ ಇಂಜಿನ್ನು ಎದ್ದಿತು. ಹೊಸ ಬಣ್ಣ ಬಿಸಿಯಾಗಿ ಹೊಗೆ ಬಿಡುವುದು ಮಾಮೂಲು. ನನಗೆ ಅದು ಗೊತ್ತಿತ್ತು, ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಮರಳಿನ ಬಕೆಟ್ ಎತ್ತಿಕೊಂಡು ಬಂದವನನ್ನು ನಮ್ಮವರು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಇಡೀ ಕೆಲಸದಲ್ಲಿ ಅವರ ದೊಡ್ಡ ಕೊಡುಗೆ ಅದು.

ಮೊದಲ ಸವಾರಿ ಅಕ್ಟೋಬರಿನಲ್ಲಿ. ಮಾವ ಸ್ಟೀರಿಂಗ್ ಪಕ್ಕದ ಗೇರಿನಲ್ಲಿ, ಅತ್ತೆ ಪಕ್ಕಕ್ಕೆ, ನಾವಿಬ್ಬರು ಈರುಳ್ಳಿ ವಾಸನೆಯಲ್ಲಿ ಹಿಂದೆ. ಕಿಂಗ್ಸ್ ಸರ್ಕಲ್‌ವರೆಗೆ ರಾಜಮರ್ಯಾದೆ. ಅಲ್ಲಿ ಟ್ರಾಫಿಕ್ಕು, ಮೇಲೆ ಅಕ್ಟೋಬರ್ ಹೀಟು. ಪಂಪಿನಲ್ಲೇ ಪೆಟ್ರೋಲು ಆವಿಯಾಗಿ ಗಾಡಿ ನಿಂತಿತು. ಮಾವ ಇಳಿದು, ಬಾನೆಟ್ ಎತ್ತಿ, ಹೆಗಲ ಮೇಲಿನ ಬೈರಾಸು ಒದ್ದೆ ಮಾಡಿ ಪಂಪಿಗೆ ಸುತ್ತಿದರು. ಹಿಂದಿನ ಹಾರ್ನೆಲ್ಲ ನಿಂತವು, ಯಾಕೆಂದರೆ ಹಾರ್ನು ಹೊಡೆಯಬೇಕಾದವರು ಇಳಿದು ಬಂದು ಇಂಜಿನ್ನು ನೋಡುತ್ತಿದ್ದರು. ಯಾರೋ ಹಸಿರು ಚೆನ್ನಾಗಿದೆ ಅಂದರು. ಮಾವ ಅತ್ತೆಯ ಕಡೆ ತಿರುಗಿ ನೋಡಿದರು.

ವಯಸ್ಸಾದ ಒಬ್ಬ ಟ್ಯಾಕ್ಸಿಯವನು ಮಾತ್ರ ಬಗ್ಗಿ ತುಂಬಾ ಹೊತ್ತು ನೋಡಿದ. ಬಣ್ಣ ತಪ್ಪು ಅಂದ. ಆಮೇಲೆ ದನಿ ತಗ್ಗಿಸಿ, ತನ್ನ ಹಳೇ ಪದ್ಮಿನಿಯ ಒಂದು ಪೂರ್ತಿ ಇಂಜಿನ್ನು ಆಂಟಾಪ್ ಹಿಲ್‌ನಲ್ಲಿ ಮಂಚದ ಕೆಳಗೆ ಬಿದ್ದಿದೆ, ಬೇಕಾ ಅಂತ ಕೇಳಿದ. ಅತ್ತೆ ಬೇಡ ಅನ್ನುವಷ್ಟರಲ್ಲಿ ಮಾವ ಡಿಕ್ಕಿ ತೆರೆದು ಗೇಣು ಹಾಕಿ ಜಾಗ ಅಳೆಯುತ್ತಿದ್ದರು.